ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಬಂತು, 21 ದಾಟಿದ ಮಕ್ಕಳ ಗತಿ ಏನು? ಅರ್ಜಿ ಹಾಕುವ ಮೊದಲು ಇಷ್ಟು ತಿಳಿದಿರಲಿ

ಅಮೆರಿಕದಲ್ಲಿರುವ ಚಿಕ್ಕಪ್ಪನೋ ಸೋದರಮಾವನೋ ಎಷ್ಟೋ ವರ್ಷದ ಹಿಂದೆ ಅರ್ಜಿ ಹಾಕಿರುತ್ತಾರೆ. ಈಗ ಅಪ್ಪ-ಅಮ್ಮನಿಗೆ ಕರೆ ಬರುತ್ತೆ. ಅರ್ಜಿ ಹಾಕಿದಾಗ ಅಂಗನವಾಡಿಗೆ ಹೋಗುತ್ತಿದ್ದ ಮಗ ಈಗ ಬಿ.ಇ. ಮುಗಿಸಿರುತ್ತಾನೆ. "ಅವನಿಗೆ 21 ದಾಟಿದೆ, ನಿಮ್ಮ ಜೊತೆ ಬರುವ ಹಾಗಿಲ್ಲ" ಅಂತ ಉತ್ತರ ಬರುತ್ತೆ. ತಾಲ್ಲೂಕು ಮಟ್ಟದಲ್ಲೂ ಇಂಥ ಮನೆಗಳಿವೆ. ಅಣ್ಣ-ತಮ್ಮ, ಅಕ್ಕ-ತಂಗಿಯರ ವಿಭಾಗದಲ್ಲಿ ಭಾರತೀಯರು 18 ವರ್ಷಕ್ಕೂ ಹೆಚ್ಚು ಕಾಯಬೇಕಾಗಿರುವುದರಿಂದ ಮಕ್ಕಳು ದೊಡ್ಡವರಾಗಿಬಿಡುವುದು ಸಾಮಾನ್ಯ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ದಾರಿ ಉದ್ದ ಇದೆ, ನಡುವೆ ಎಡವುವ ಜಾಗಗಳಿವೆ.

ಯಾರಿಗೆ ಯಾವ ಸಾಲು?

ಅಪ್ಪ ಅಥವಾ ಅಮ್ಮ ಮಕ್ಕಳ ಪರವಾಗಿ ಐ-130 ಎಂಬ ಅರ್ಜಿ ಹಾಕಬೇಕು. ಮಕ್ಕಳು ತಾವೇ ಹಾಕಿಕೊಳ್ಳಲು ಬರುವುದಿಲ್ಲ. ಸಾಲುಗಳು ಹೀಗಿವೆ:

- ಎಫ್2ಎ: ಗ್ರೀನ್ ಕಾರ್ಡ್ ಇರುವವರ ಗಂಡ/ಹೆಂಡತಿ ಮತ್ತು 21ರೊಳಗಿನ ಅವಿವಾಹಿತ ಮಕ್ಕಳು.
- ಎಫ್2ಬಿ: ಗ್ರೀನ್ ಕಾರ್ಡ್ ಇರುವವರ 21 ದಾಟಿದ ಅವಿವಾಹಿತ ಮಕ್ಕಳು. ಇತ್ತೀಚಿನ ವರ್ಷಗಳಲ್ಲಿ ಸುಮಾರು 8–9 ವರ್ಷ ಕಾಯಬೇಕಾಗಿದೆ.
- ಎಫ್1: ಅಮೆರಿಕದ ಪೌರರಾದವರ 21 ದಾಟಿದ ಅವಿವಾಹಿತ ಮಕ್ಕಳು. ಇದೂ ಹೆಚ್ಚುಕಮ್ಮಿ ಅಷ್ಟೇ.
- ಎಫ್3: ಪೌರರ ವಿವಾಹಿತ ಮಕ್ಕಳು. ಸುಮಾರು 14 ವರ್ಷ.

ಅರ್ಜಿ ಸಲ್ಲಿಸಿದ ದಿನವೇ ನಿಮ್ಮ ಸಾಲಿನ ಚೀಟಿ. ಅದಕ್ಕೆ ಪ್ರಯಾರಿಟಿ ಡೇಟ್ ಅನ್ನುತ್ತಾರೆ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿರುವ ದಿನಾಂಕ ನಿಮ್ಮ ದಿನಾಂಕವನ್ನು ದಾಟಿದರೆ ನಿಮ್ಮ ಸರದಿ ಬಂತು ಎಂದರ್ಥ. ಅಪ್ಪ-ಅಮ್ಮ ಅಮೆರಿಕ ತಲುಪಿ "ಸ್ವಲ್ಪ ಸೆಟ್ಲ್ ಆಗಲಿ, ಆಮೇಲೆ ಹಾಕೋಣ" ಅಂತ ಒಂದು ವರ್ಷ ಸುಮ್ಮನಿದ್ದರೆ ಸಾಲಿನಲ್ಲಿ ಅಷ್ಟು ಹಿಂದೆ ಬಿದ್ದ ಹಾಗೆ.

ಚಿಕ್ಕಪ್ಪ ಹಾಕಿದ್ದ ಹಳೆಯ ಅರ್ಜಿಯ ದಿನಾಂಕ ಸಿಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುವುದಿಲ್ಲ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಕುಟುಂಬಗಳ ವಿರುದ್ಧವೇ ತೀರ್ಪು ಕೊಟ್ಟಿತು. ಹೊಸ ಅರ್ಜಿಗೆ ಹೊಸ ದಿನಾಂಕವೇ.

ವಯಸ್ಸಿನ ಲೆಕ್ಕ ಮೊದಲು ಹಾಕಿ ನೋಡಿ

2002ರ ಮಕ್ಕಳ ರಕ್ಷಣಾ ಕಾಯ್ದೆ ಪ್ರಕಾರ, ವೀಸಾ ಸಿಗುವ ದಿನ ಮಗುವಿಗಿರುವ ವಯಸ್ಸಿನಿಂದ, ಅರ್ಜಿ ಮಂಜೂರಾತಿಗೆ ಕಾದ ಅವಧಿಯನ್ನು ಕಳೆಯಬಹುದು. ಉದಾಹರಣೆಗೆ ಸರದಿ ಬಂದಾಗ ಮಗಳಿಗೆ 21 ವರ್ಷ 10 ತಿಂಗಳು, ಅರ್ಜಿ ಮಂಜೂರಾಗಲು 14 ತಿಂಗಳು ಹಿಡಿದಿತ್ತು ಅಂತಿಟ್ಟುಕೊಳ್ಳಿ. ಲೆಕ್ಕದಲ್ಲಿ ಅವಳ ವಯಸ್ಸು 20 ವರ್ಷ 8 ತಿಂಗಳು. ಅವಳಿನ್ನೂ 21ರೊಳಗೇ! ಆದರೆ ಸರದಿ ಬಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡಬೇಕು. ಚಿಕ್ಕಪ್ಪನ ಅರ್ಜಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಾಗಾಗಿ "21 ದಾಟಿತು" ಅಂತ ಕೈಬಿಡುವ ಮೊದಲು ಮಂಜೂರಾತಿ ಪತ್ರ ತೆಗೆದು ಲೆಕ್ಕ ಹಾಕಿ.

ಮದುವೆ: ದೊಡ್ಡ ಗಂಡಾಂತರ ಇಲ್ಲೇ

ಎಂಟೊಂಬತ್ತು ವರ್ಷ ಕಾಯುವಾಗ ಮನೆಯಲ್ಲಿ ಮದುವೆ ಮಾತು ಬಂದೇ ಬರುತ್ತೆ. ನೆನಪಿಡಿ: ಗ್ರೀನ್ ಕಾರ್ಡ್ ಇರುವವರ ವಿವಾಹಿತ ಮಕ್ಕಳಿಗೆ ಯಾವ ಸಾಲೂ ಇಲ್ಲ. ಅಪ್ಪ-ಅಮ್ಮ ಪೌರತ್ವ ಪಡೆಯುವ ಮೊದಲು ಮಗಳ ಮದುವೆಯಾದರೆ ಎಫ್2ಬಿ ಅರ್ಜಿ ಅಲ್ಲಿಗೇ ರದ್ದು. ಆಮೇಲೆ ಪೌರತ್ವ ಬಂದರೂ ಆ ಅರ್ಜಿಗೆ ಜೀವ ಬರುವುದಿಲ್ಲ, ಹೊಸದಾಗಿ ಹಾಕಬೇಕು.

ಪೌರತ್ವ ಬಂದ ಮೇಲೆ ಮದುವೆಯಾದರೆ ಅರ್ಜಿ ಉಳಿಯುತ್ತದೆ, ಎಫ್3ಗೆ ಬದಲಾಗುತ್ತದೆ. ಕಾಯುವುದು ಉದ್ದವಾಗುತ್ತದೆ, ಆದರೆ ಹಳೆಯ ದಿನಾಂಕ ಇರುತ್ತದೆ. ಗ್ರೀನ್ ಕಾರ್ಡ್ ಬಂದು ಸಾಮಾನ್ಯವಾಗಿ 5 ವರ್ಷದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು.

ವೀಸಾ ಕೈಗೆ ಬಂತು, ವಿಮಾನ ಹತ್ತುವ ಮೊದಲು ಮದುವೆ ಮುಗಿಸಿಬಿಡೋಣ ಅಂದುಕೊಂಡರೂ ಕಷ್ಟವೇ. ಅಮೆರಿಕದ ನೆಲಕ್ಕೆ ಕಾಲಿಡುವವರೆಗೂ ಅವಿವಾಹಿತರಾಗಿಯೇ ಇರಬೇಕು. ದೇವಸ್ಥಾನದಲ್ಲಿ ಮದುವೆ ಮಾಡಿ, ನೋಂದಣಿ ಮಾಡಿಸದೆ ಮುಚ್ಚಿಡೋಣ ಅನ್ನುವ ಸಲಹೆ ಕೇಳಬೇಡಿ. ನೋಂದಣಿ ಇಲ್ಲದಿದ್ದರೂ ಶಾಸ್ತ್ರೋಕ್ತ ಮದುವೆ ಮದುವೆಯೇ. ಸುಳ್ಳು ಹೇಳಿದ್ದು ಸಾಬೀತಾದರೆ ಶಾಶ್ವತವಾಗಿ ಬಾಗಿಲು ಮುಚ್ಚಬಹುದು. ಅಲ್ಲಿ ಹೋಗಿ ಗ್ರೀನ್ ಕಾರ್ಡ್ ಪಡೆದ ಮೇಲೆ ಮದುವೆಯಾಗಿ, ಸಂಗಾತಿಗೆ ಎಫ್2ಎ ಅರ್ಜಿ ಹಾಕುವುದು ನೇರ ದಾರಿ.

ಅಪ್ಪ-ಅಮ್ಮ ಊರಿಗೆ ಬಂದು ಉಳಿದುಬಿಟ್ಟರೆ?

ತೋಟ, ಅಂಗಡಿ ನೋಡಿಕೊಳ್ಳಲು ವಾಪಸ್ ಬಂದು ಇಲ್ಲೇ ಉಳಿಯುವವರಿದ್ದಾರೆ. 6 ತಿಂಗಳು ದಾಟಿದರೆ ಪ್ರಶ್ನೆ ಶುರು. ಮುಂಚೆಯೇ ರೀಎಂಟ್ರಿ ಪರ್ಮಿಟ್ ಪಡೆಯದೆ 1 ವರ್ಷ ದಾಟಿದರೆ ಗ್ರೀನ್ ಕಾರ್ಡಿಗೇ ಕುತ್ತು. ಅವರ ಗ್ರೀನ್ ಕಾರ್ಡ್ ಹೋದರೆ ಮಕ್ಕಳ ಅರ್ಜಿಯೂ ಹೋಯಿತು.

ಕಾಗದ ಪತ್ರ ಈಗಲೇ ಸರಿ ಮಾಡಿಕೊಳ್ಳಿ

- ಜನನ ಪ್ರಮಾಣ ಪತ್ರ: ಮಗುವಿನ ಹೆಸರು, ತಂದೆ-ತಾಯಿ ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು. ನೋಂದಣಿಯೇ ಆಗಿಲ್ಲದಿದ್ದರೆ ಅಲಭ್ಯತಾ ಪತ್ರದ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥ ಹಳೆಯ ದಾಖಲೆ ಬೇಕಾಗುತ್ತದೆ.
- ಇನಿಷಿಯಲ್: ನಮ್ಮ ಕಡೆ ಅಂಕಪಟ್ಟಿಯಲ್ಲಿ "ಎಚ್.ಎಂ." ಅಂತಷ್ಟೇ ಇರುತ್ತೆ, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಇರುತ್ತೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿಡಿ.
- ಪೊಲೀಸ್ ಕ್ಲಿಯರೆನ್ಸ್: ಪಾಸ್‌ಪೋರ್ಟ್ ಸೇವಾ ಮೂಲಕ. ಸಂದರ್ಶನ ಹತ್ತಿರ ಬಂದಾಗ ಮಾಡಿಸಿದರೆ ಸಾಕು.
- ಆದಾಯದ ಖಾತರಿ: ಅಪ್ಪ-ಅಮ್ಮ ಐ-864 ಸಹಿ ಮಾಡಬೇಕು. ಆದಾಯ ಅಮೆರಿಕದ ಬಡತನ ರೇಖೆಯ 125% ಇರಬೇಕು. ಸಾಲದಿದ್ದರೆ ಅಲ್ಲಿರುವ ಚಿಕ್ಕಪ್ಪನಂಥವರು ಜಂಟಿ ಜಾಮೀನು ನಿಲ್ಲಬಹುದು.

ಸರದಿ ಬಂದ ಮೇಲೆ ಡಿಎಸ್-260 ತುಂಬಿ, ವೈದ್ಯಕೀಯ ತಪಾಸಣೆ ಮಾಡಿಸಬೇಕು. ವಲಸೆ ವೀಸಾ ಸಂದರ್ಶನ ಸಾಮಾನ್ಯವಾಗಿ ಮುಂಬೈ ಕಾನ್ಸುಲೇಟಿನಲ್ಲಿ.

ಈ ಮಧ್ಯೆ ವಿಳಾಸ, ಇಮೇಲ್ ಬದಲಾದರೆ ತಿಳಿಸಿ. ಸರದಿ ಬಂತೆಂದು ತಿಳಿಸಿದ ಮೇಲೆ ಒಂದು ವರ್ಷ ಉತ್ತರ ಕೊಡದಿದ್ದರೆ ಅರ್ಜಿ ರದ್ದಾಗಬಹುದು. ಸ್ಟೂಡೆಂಟ್ ಅಥವಾ ಟೂರಿಸ್ಟ್ ವೀಸಾಗೆ ಹೋದಾಗ ಈ ಅರ್ಜಿ ಇರುವುದನ್ನು ಮರೆಮಾಚಬೇಡಿ. ಫಾರಂನಲ್ಲೇ ಆ ಪ್ರಶ್ನೆ ಇದೆ.

ಏಜೆಂಟರ ಬಗ್ಗೆ ಒಂದು ಮಾತು

"ಎರಡು ಲಕ್ಷ ಕೊಡಿ, ಸಾಲಿನಲ್ಲಿ ಮುಂದೆ ಹಾಕಿಸ್ತೀನಿ" ಅನ್ನುವವರನ್ನು ನಂಬಬೇಡಿ. ಸಾಲು ದಾಟಿಸುವ ಶಕ್ತಿ ಯಾರಿಗೂ ಇಲ್ಲ. "ಗ್ರೀನ್ ಕಾರ್ಡ್ ಲಾಟರಿ ಹೊಡೆದಿದೆ" ಎಂಬ ಮೆಸೇಜೂ ಮೋಸವೇ. ಭಾರತದಲ್ಲಿ ಹುಟ್ಟಿದವರಿಗೆ ಸದ್ಯ ಆ ಲಾಟರಿಯಲ್ಲಿ ಅವಕಾಶವಿಲ್ಲ. ಫಾರಂಗಳು ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ. ಐ-130 ಶುಲ್ಕ 2024ರ ಏಪ್ರಿಲ್‌ನಲ್ಲಿ ಆನ್‌ಲೈನಿಗೆ 625 ಡಾಲರ್, ಕಾಗದದಲ್ಲಿ ಹಾಕಿದರೆ 675 ಡಾಲರ್ ಎಂದು ನಿಗದಿಯಾಯಿತು. ಹಾಕುವ ದಿನ ದರ ಮತ್ತೊಮ್ಮೆ ನೋಡಿಕೊಳ್ಳಿ.

ಮಗನ ಓದು, ಕೆಲಸ ನಿಲ್ಲಿಸಿ ವೀಸಾ ಕಾಯುತ್ತಾ ಕೂರಿಸಬೇಡಿ. ಅರ್ಜಿ ಅದರ ಪಾಡಿಗೆ ಅದು ಸಾಲಿನಲ್ಲಿರಲಿ, ಬದುಕು ಇಲ್ಲಿ ನಡೆಯುತ್ತಿರಲಿ. ಮದುವೆಯ ಮಾತು ಬಂದ ದಿನ ಮಾತ್ರ, ಮುಹೂರ್ತ ನೋಡುವ ಮೊದಲು ಅಪ್ಪ-ಅಮ್ಮನಿಗೆ ಪೌರತ್ವ ಬಂದಿದೆಯಾ ಅಂತ ಕೇಳಿಕೊಳ್ಳಿ.