ದಾನಕ್ಕೆ ಬೆಲೆ ಕಟ್ಟುವವರು ಯಾರು?

2016ರ ಡಿಸೆಂಬರ್ ತಿಂಗಳ ಕೊನೆಯ ವಾರ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಒಂದು ಮುಂಜಾನೆ ಕಾರುಗಳನ್ನು ಎಳೆದೊಯ್ಯುವ ಲಾರಿಯೊಂದು ಬಂದು, ಹದಿನಾಲ್ಕು ವರ್ಷ ದುಡಿದು ಸೊರಗಿದ್ದ ಅವರ ಹಳೆಯ ಕಾರನ್ನು ಹೇರಿಕೊಂಡಿತು. ಮಾರಿದಿರಾ ಎಂದು ಅಳಿಯನನ್ನು ಕೇಳಿದೆ. "ಇಲ್ಲ ಮಾವ, ದಾನ ಮಾಡಿದೆವು. ಮೂವತ್ತೊಂದನೆಯ ತಾರೀಕಿನೊಳಗೆ ಕೊಟ್ಟರೆ ಈ ವರ್ಷದ ತೆರಿಗೆಯಲ್ಲಿ ಉಳಿತಾಯವಾಗುತ್ತದೆ" ಎಂದರು. ದಾನ, ತೆರಿಗೆ ಎಂಬ ಎರಡು ಶಬ್ದಗಳು ಒಂದೇ ಉಸಿರಿನಲ್ಲಿ ಬಂದದ್ದು ಚರಿತ್ರೆಯ ಮೇಷ್ಟರಾಗಿದ್ದ ನನಗೆ ವಿಚಿತ್ರವಾಗಿ ಕೇಳಿಸಿತು. ಈ ಎರಡಕ್ಕೂ ನಂಟು ಬೆಳೆದದ್ದು ಹೇಗೆಂದು ಅಂದು ಓದತೊಡಗಿದೆ. ಆ ಓದಿನ ಸಾರವನ್ನು ನನ್ನ ಹಳೆಯ ವಿದ್ಯಾರ್ಥಿಗಳ ಮತ್ತು ಬಂಧುಗಳ ಮುಂದಿಡುತ್ತಿದ್ದೇನೆ.

ಅಮೆರಿಕದಲ್ಲಿ ಇಂದಿನ ಸ್ವರೂಪದ ಆದಾಯ ತೆರಿಗೆ ಆರಂಭವಾದದ್ದು ಸಂವಿಧಾನದ ಹದಿನಾರನೆಯ ತಿದ್ದುಪಡಿಯ ನಂತರ, 1913ರಲ್ಲಿ. ನಾಲ್ಕೇ ವರ್ಷಗಳಲ್ಲಿ ಆ ದೇಶ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧದ ವೆಚ್ಚಕ್ಕಾಗಿ 1917ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕಾಯ್ದೆಯು ಅತಿ ಶ್ರೀಮಂತರ ಮೇಲಿನ ಗರಿಷ್ಠ ತೆರಿಗೆಯನ್ನು ಶೇಕಡಾ 67ಕ್ಕೆ ಏರಿಸಿತು. ಹೀಗಾದರೆ ಕಾಲೇಜುಗಳಿಗೂ ಧರ್ಮಸಂಸ್ಥೆಗಳಿಗೂ ಕೊಡುವ ಕೈಗಳು ಬತ್ತಿಹೋದಾವೆಂಬ ಆತಂಕ ಹುಟ್ಟಿತು. ನ್ಯೂ ಹ್ಯಾಂಪ್‌ಷೈರಿನ ಸೆನೆಟರ್ ಹೆನ್ರಿ ಹಾಲಿಸ್ ಅವರು ತಂದ ತಿದ್ದುಪಡಿಯಿಂದಾಗಿ, ದಾನವಾಗಿ ಕೊಟ್ಟ ಮೊತ್ತವನ್ನು, ಆದಾಯದ ಶೇಕಡಾ 15ರ ಮಿತಿಯಲ್ಲಿ, ತೆರಿಗೆಯ ಲೆಕ್ಕದಿಂದ ಕಳೆಯಲು ಅವಕಾಶ ದೊರೆಯಿತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ವಿನಾಯಿತಿಯೆಂದರೆ ಕೊಟ್ಟ ಹಣವೆಲ್ಲ ಮರಳಿ ಬರುವುದೆಂದಲ್ಲ. ಶೇಕಡಾ 25ರ ದರದಲ್ಲಿ ತೆರಿಗೆ ಕಟ್ಟುವವನು ಸಾವಿರ ಡಾಲರಿನ ದಾನವನ್ನು ತೋರಿಸಿದರೆ ಅವನಿಗೆ ಉಳಿಯುವುದು 250 ಡಾಲರು ಮಾತ್ರ. ಆದರೆ ಆ 250 ಡಾಲರು ಸರಕಾರದ ಬೊಕ್ಕಸಕ್ಕೆ ಬರಬೇಕಾದುದು. ಆದ್ದರಿಂದ ಪ್ರತಿಯೊಂದು ದಾನದಲ್ಲಿಯೂ ಊರಿನವರೆಲ್ಲರ ಸಣ್ಣದೊಂದು ಪಾಲು ಇದ್ದೇ ಇರುತ್ತದೆ.

ಹಣವನ್ನು ಕೊಟ್ಟಾಗ ಲೆಕ್ಕ ಸುಲಭ. ವಸ್ತುವನ್ನು ಕೊಟ್ಟಾಗ ಅದರ ಬೆಲೆಯನ್ನು ಹೇಳುವವರು ಯಾರು? 1990ರ ದಶಕದಲ್ಲಿ ಹಳೆಯ ಕಾರುಗಳ ದಾನ ಅಲ್ಲಿ ಬಹಳವಾಗಿ ಬೆಳೆಯಿತು. ಕೊಡುವವನು ಬಳಸಿದ ಕಾರುಗಳ ದರಪಟ್ಟಿಯ ಪುಸ್ತಕವನ್ನು ತೆರೆದು, ತನ್ನ ಕಾರಿನ ಮಾದರಿಯ ಮುಂದಿರುವ ಬೆಲೆಯನ್ನು ಬರೆದುಕೊಳ್ಳುತ್ತಿದ್ದ. ಪುಸ್ತಕದ ಬೆಲೆ ಸುಸ್ಥಿತಿಯಲ್ಲಿರುವ ಕಾರಿಗೆ. ದಾನಕ್ಕೆ ಬರುತ್ತಿದ್ದವುಗಳಲ್ಲಿ ಎಷ್ಟೋ ಕಾರುಗಳು ಹೊರಡಲೂ ಶಕ್ತಿಯಿಲ್ಲದವು.

2003ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಈ ವಿಷಯವಾಗಿ ವರದಿಯೊಂದನ್ನು ಹೊರತಂದಿತು. 2000ನೆಯ ಇಸವಿಯ ತೆರಿಗೆಯಲ್ಲಿ ಸುಮಾರು 7 ಲಕ್ಷ 33 ಸಾವಿರ ಮಂದಿ ವಾಹನದಾನದ ವಿನಾಯಿತಿ ಪಡೆದಿದ್ದರು. ಬೊಕ್ಕಸಕ್ಕೆ ತಪ್ಪಿದ ತೆರಿಗೆ ಸುಮಾರು 65 ಕೋಟಿ ಡಾಲರು. ಪರಿಶೋಧಕರು 54 ವಾಹನಗಳ ಜಾಡು ಹಿಡಿದು ನೋಡಿದರು. ಅವುಗಳಲ್ಲಿ ಸುಮಾರು ಮೂರನೇ ಎರಡು ಪಾಲು ವಾಹನಗಳ ವಿಷಯದಲ್ಲಿ, ದಾನಿ ಹೇಳಿಕೊಂಡ ಬೆಲೆಯ ಶೇಕಡಾ ಐದೋ ಅದಕ್ಕಿಂತ ಕಡಿಮೆಯೋ ಧರ್ಮಸಂಸ್ಥೆಯ ಕೈ ಸೇರಿತ್ತು. 1983ರ ಒಂದು ಟ್ರಕ್ಕಿನ ಉದಾಹರಣೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಅದು ಮಾರಾಟವಾದದ್ದು 375 ಡಾಲರಿಗೆ. ಮಧ್ಯವರ್ತಿಯ ಪಾಲನ್ನೂ ಜಾಹೀರಾತಿನ ಖರ್ಚನ್ನೂ ಕಳೆದು ಸಂಸ್ಥೆಗೆ ಉಳಿದದ್ದು 31 ಡಾಲರು 50 ಸೆಂಟು. ದಾನಿ ಬರೆದುಕೊಂಡದ್ದು 2,400 ಡಾಲರು!

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿ ನಗೆಗೀಡಾದವನು ಪಡೆದವನು. ಇಲ್ಲಿ ಕೊಟ್ಟವನೇ ಮೊಳ ಹಾಕಿ, ಎರಡು ಮೊಳವನ್ನು ಇಪ್ಪತ್ತೆಂದು ಬರೆದುಕೊಂಡಿದ್ದ.

2004ರ ಅಕ್ಟೋಬರಿನಲ್ಲಿ ಹೊಸ ಕಾಯ್ದೆ ಬಂದಿತು. 2005ರಿಂದಾಚೆಗೆ, 500 ಡಾಲರಿಗಿಂತ ಹೆಚ್ಚಿನ ವಿನಾಯಿತಿ ಬೇಕಾದರೆ, ಸಂಸ್ಥೆಯು ಆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟನ್ನೇ ತೋರಿಸಬೇಕು. ಮಾರಿದ ಮೂವತ್ತು ದಿನಗಳೊಳಗೆ ಸಂಸ್ಥೆ ಅದಕ್ಕೆ ಲಿಖಿತ ಪತ್ರ ಕೊಡಬೇಕು. ಸಂಸ್ಥೆಯೇ ಕಾರನ್ನು ತನ್ನ ಸೇವಾಕಾರ್ಯಕ್ಕೆ ಬಳಸಿದರೆ, ಗಣನೀಯವಾಗಿ ದುರಸ್ತಿ ಮಾಡಿಸಿದರೆ, ಇಲ್ಲವೆ ಬಡವರಿಗೆ ತೀರ ಕಡಿಮೆ ಬೆಲೆಗೆ ಒದಗಿಸಿದರೆ ಮಾತ್ರ ಮಾರುಕಟ್ಟೆಯ ಪೂರ್ಣ ಬೆಲೆಗೆ ಮನ್ನಣೆ. 500 ಡಾಲರಿಗೆ ಮೀರಿದ ವಾಹನದಾನಗಳು 2004ರಲ್ಲಿ ಸುಮಾರು 9 ಲಕ್ಷವಿದ್ದವು. ಮರುವರ್ಷ 3 ಲಕ್ಷಕ್ಕೆ ಇಳಿದವು. ಕೈಬಿಟ್ಟವರೆಲ್ಲರೂ ವಂಚಕರೆಂದು ನಾನು ಹೇಳಲಾರೆ. ಉಬ್ಬಿಸಿದ ದಾನಗಳಿಂದಲೂ ಧರ್ಮಸಂಸ್ಥೆಗಳಿಗೆ ನಾಲ್ಕು ಕಾಸು ಬರುತ್ತಿತ್ತು, ಅದರಲ್ಲಿಯೂ ಕೆಲವಕ್ಕೆ ನಷ್ಟವಾಯಿತು.

ನಮ್ಮ ದೇಶದ 1961ರ ಆದಾಯ ತೆರಿಗೆ ಕಾಯ್ದೆ ಈ ತೊಡಕಿಗೇ ಹೋಗಲಿಲ್ಲ. ಅದರ 80ಜಿ ಕಲಮಿನಲ್ಲಿ ಮನ್ನಣೆ ಇದ್ದುದು ಹಣದ ರೂಪದ ದೇಣಿಗೆಗೆ ಮಾತ್ರ, ವಸ್ತುದಾನಕ್ಕಲ್ಲ. ಅಮೆರಿಕದಲ್ಲಿಯೂ 2018ರಿಂದ ಎಲ್ಲರಿಗೂ ಸಿಗುವ ಸಾಮಾನ್ಯ ಕಡಿತವನ್ನು ಸುಮಾರು ಇಮ್ಮಡಿಗೊಳಿಸಿದ್ದರಿಂದ, ದಾನಗಳನ್ನು ಬಿಡಿಬಿಡಿಯಾಗಿ ಬರೆದು ತೋರಿಸುವವರು ಹತ್ತರಲ್ಲಿ ಒಬ್ಬರಾಗಿದ್ದಾರೆ. ಉಳಿದವರು ಹಳೆಯ ಕಾರನ್ನು ಕೊಟ್ಟರೆ ಕೊಟ್ಟ ಸಂತೋಷವಷ್ಟೇ ಲಾಭ.

ಅಳಿಯನಿಗೆ ಜನವರಿಯಲ್ಲಿ ಪತ್ರ ಬಂದಿತು. ಕಾರು ಹರಾಜಿನಲ್ಲಿ 640 ಡಾಲರಿಗೆ ಹೋಗಿತ್ತು. "ಸಾವಿರದ ಎಂಟುನೂರಾದರೂ ಬಾಳುತ್ತಿತ್ತು" ಎಂದು ಅವರು ಪೇಚಾಡಿದರು. ನಾನು ನಗಲು ಹೋದೆ, ನಗು ಬರಲಿಲ್ಲ. ನನ್ನದೇ ಒಂದು ದಾನ ನೆನಪಾಯಿತು.

ನಮ್ಮ ಪ್ರೌಢಶಾಲೆಗೆ ನಾಲ್ಕು ಮೈಲಿ ನಡೆದು ಬರುತ್ತಿದ್ದ ಹುಡುಗನೊಬ್ಬನಿಗೆ, ನಾನು ಹೊಸ ಸೈಕಲ್ ಕೊಂಡಾಗ ಹಳೆಯದನ್ನು ಕೊಟ್ಟಿದ್ದೆ. ಮುನ್ನೂರು ರೂಪಾಯಿಯ ವಸ್ತುವನ್ನು ಕೊಟ್ಟೆನೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೂವತ್ತು ವರ್ಷಗಳ ನಂತರ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆತ ನಗುತ್ತ ಹೇಳಿದ: "ಸಾರ್, ಅದರ ಚೈನು ಮಾರಿಗೊಮ್ಮೆ ಕಳಚುತ್ತಿತ್ತು. ಶಾಲೆಯ ತಿರುವಿನವರೆಗೂ ತಳ್ಳಿಕೊಂಡು ಬಂದು, ನೀವು ನೋಡಲೆಂದು ಅಲ್ಲಿಂದ ಹತ್ತಿ ಬರುತ್ತಿದ್ದೆ. ಕಡೆಗೆ ಅಪ್ಪ ಒಂದು ಕುರಿ ಮಾರಿ ರಿಪೇರಿ ಮಾಡಿಸಿದರು." ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಅಂದು ಊಟ ಸೇರಲಿಲ್ಲ. ನನ್ನ ಔದಾರ್ಯದ ಖರ್ಚನ್ನು ಆ ಮನೆಯ ಕುರಿ ತೆತ್ತಿತ್ತು.

ಕಠೋಪನಿಷತ್ತಿನ ಆರಂಭದಲ್ಲಿ, ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ಕಂಡು ಬಾಲಕ ನಚಿಕೇತ ಕಳವಳಗೊಳ್ಳುತ್ತಾನೆ. ಆ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಆದರೂ ಸೈಕಲ್ಲನ್ನು ಒಪ್ಪಿಸುವ ಮುನ್ನ ಅದರ ಚೈನನ್ನು ನಾನು ನೋಡಲಿಲ್ಲ.

ಹಳೆಯದನ್ನು ಕೊಡಬಾರದೆಂದು ನನ್ನ ಮಾತಿನ ಅರ್ಥವಲ್ಲ, ಅವಶ್ಯವಾಗಿ ಕೊಡಿ. ಆದರೆ ಕೊಟ್ಟದ್ದರ ಬೆಲೆಯನ್ನು ನಾವು ಬರೆದಿಟ್ಟುಕೊಳ್ಳುವುದು ಬೇಡ. ಅದು ಪಡೆದವರ ಅಂಗಳದಲ್ಲಿ ತಿಳಿಯುತ್ತದೆ. 2004ರ ಆ ಕಾಯ್ದೆ ತೆರಿಗೆಯ ಭಾಷೆಯಲ್ಲಿ ಹೇಳಿದ್ದನ್ನೇ ನನ್ನ ವಿದ್ಯಾರ್ಥಿ ನಗುತ್ತ ಹೇಳಿದ್ದ. ಈಗ ಏನನ್ನಾದರೂ ಕೊಡುವ ಮುನ್ನ ನಾನು ಚೈನನ್ನು ಒಮ್ಮೆ ತಿರುಗಿಸಿ ನೋಡುತ್ತೇನೆ.