ರಣರಂಗದಿಂದ ದೂರದ ಊರುಗಳು
ಒಟ್ಟೋಮನ್ ಸೇನೆಯ ಚರಿತ್ರಕಾರ ಎಡ್ವರ್ಡ್ ಎರಿಕ್ಸನ್ 2013ರ ತಮ್ಮ ಪುಸ್ತಕದಲ್ಲಿ, ಮೊದಲ ಮಹಾಯುದ್ಧದ ನಡುವೆ ನಡೆದ 1915ರ ಆರ್ಮೇನಿಯನ್ನರ ಗಡೀಪಾರು ಬಂಡಾಯ ಹತ್ತಿಕ್ಕುವ ಸೇನಾ ಕ್ರಮವಾಗಿತ್ತು ಎಂದು ವಾದಿಸಿದರು. ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಾರಿಕಾಮಿಷ್‌ನ ಹಿಮದಲ್ಲಿ ರಷ್ಯನ್ನರೆದುರು ಯುದ್ಧಮಂತ್ರಿ ಎನ್ವರ್ ಪಾಷಾನ ಮೂರನೇ ಸೇನೆ ನುಚ್ಚುನೂರಾಗಿತ್ತು. ರಷ್ಯದ ಕಡೆ ಆರ್ಮೇನಿಯನ್ ಸ್ವಯಂಸೇವಕ ದಳಗಳಿದ್ದವು. ಏಪ್ರಿಲ್‌ನಲ್ಲಿ ಪೂರ್ವದ ವಾನ್ ನಗರದ ಆರ್ಮೇನಿಯನ್ನರು ಆಯುಧ ಹಿಡಿದಿದ್ದರು. ಆದರೆ ಭೂಪಟ ಬಿಡಿಸಿದರೆ ವಾದ ಸಡಿಲವಾಗುತ್ತದೆ. ವಾನ್‌ನಲ್ಲಿ ಬಂಡಾಯವಿದ್ದರೆ ದೂರದ ಬುರ್ಸಾ, ಅಂಕಾರಾಗಳ ಆರ್ಮೇನಿಯನ್ ಮನೆಗಳನ್ನು ಖಾಲಿ ಮಾಡಿಸಿದ್ದೇಕೆ? ಗಲಿಪೊಲಿಯಲ್ಲಿ ಶತ್ರು ಇಳಿದಿದ್ದನಲ್ಲ, ಪಶ್ಚಿಮಕ್ಕೂ ಅಪಾಯವಿತ್ತು ಎನ್ನಬಹುದು. ಅದು ಕರಾವಳಿಗೆ ಸಲ್ಲುವ ಮಾತು, ಒಳನಾಡಿನ ಅಂಕಾರಾಕ್ಕಲ್ಲ. ಅಲ್ಲಿನ ಆರ್ಮೇನಿಯನ್ನರಲ್ಲಿ ಬಹುಪಾಲು ಕ್ರಾಂತಿಕಾರಿ ಪಕ್ಷಗಳ ಗೊಡವೆಗೆ ಹೋಗದ ಕ್ಯಾಥೊಲಿಕರು.

ಇನ್ನು, ಅಪಾಯ ನಿವಾರಣೆಯೇ ಗುರಿಯಾಗಿದ್ದರೆ ಸ್ಥಳಾಂತರದಲ್ಲೇ ಕೆಲಸ ಮುಗಿಯಬೇಕಿತ್ತು. 1915ರ ಆರಂಭದಲ್ಲೇ ನಿರಾಯುಧರಾಗಿ ಕೂಲಿ ದಳಗಳಿಗೆ ಸೇರಿದ್ದ ಆರ್ಮೇನಿಯನ್ ಸೈನಿಕರಿಂದ ಯಾವ ಬಂಡಾಯ ಸಾಧ್ಯವಿತ್ತು? ಅವರಲ್ಲಿ ಸಾವಿರಾರು ಜನರನ್ನು ಕೊಲ್ಲಲಾಯಿತು. ಹೆಂಗಸರು, ಮಕ್ಕಳು ಸಿರಿಯಾದ ದೇರ್ ಎಝ್-ಝೋರ್‌ನ ಮರಳುಗಾಡಿನ ಹಾದಿಯಲ್ಲಿ ಸತ್ತರು. ಈ ಹತ್ಯೆಗಳ ಹೊಣೆಗಾರರ ಮೇಲಿನ 1919ರ ಇಸ್ತಾಂಬುಲ್ ವಿಚಾರಣೆಗಳು ಯುದ್ಧ ಗೆದ್ದವರ ನೆರಳಿನಲ್ಲಿ ನಡೆದವು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಯುದ್ಧಕಾಲದಲ್ಲೇ ಅಲೆಪ್ಪೊದಿಂದ ಈ ಹತ್ಯೆಗಳ ವರದಿ ಬರೆದ ಜರ್ಮನ್ ರಾಯಭಾರ ಅಧಿಕಾರಿ ರೋಸ್ಲರ್ ಶತ್ರುವಲ್ಲ, ಒಟ್ಟೋಮನ್ನರ ಮಿತ್ರದೇಶದವನು. ಗಡೀಪಾರಿಗೆ ಒಪ್ಪದ ಅಂಕಾರಾದ ಪ್ರಾಂತಾಧಿಪತಿ ಮಝರ್ ಬೇ ಹುದ್ದೆ ಕಳೆದುಕೊಂಡ. ಸೋಲಿನ ನಂತರ, 1918ರಲ್ಲಿ, ಈ ಅಪರಾಧಗಳ ತನಿಖಾ ಆಯೋಗಕ್ಕೆ ಅಧ್ಯಕ್ಷನಾದವನೂ ಅವನೇ.