ಬೀಸುವ ಕಲ್ಲಿನ ಮುಂದೆ ಕೂತ ಸೂಫಿ

ಸದಲಗಾದ ನಮ್ಮ ಮನೆ ಹಿತ್ತಲಲ್ಲಿ ಒಂದು ಬೀಸುವ ಕಲ್ಲಿದೆ. ಗೂಟ ಎಂದೋ ಮುರಿದುಹೋಗಿದೆ, ಮೇಲೊಂದು ಹೂವಿನ ಕುಂಡ ಕೂತಿದೆ. ಊರಿಗೆ ಗಿರಣಿ ಬಂದಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಕಳೆದ ದೀಪಾವಳಿಗೆ ಹೋದಾಗ ನಾನು ಆ ಕಲ್ಲಿನ ಪಕ್ಕದ ಕಟ್ಟೆ ಮೇಲೆ ಕೂತು ಫೋನ್ ನೋಡ್ತಾ ಇದ್ದೆ. ನಿಜ ಹೇಳಬೇಕಂದ್ರೆ ನೋಡ್ತಾ ಇರಲಿಲ್ಲ, ಒಂದು ಮೆಸೇಜ್ ಬರೆದು ಅಳಿಸ್ತಾ ಇದ್ದೆ.

ಹಿಂದಿನ ವಾರ ಆಫೀಸಿನಲ್ಲಿ ಒಂದು ರಿಲೀಸ್ ಕೆಟ್ಟಿತ್ತು. ಮೀಟಿಂಗಿನಲ್ಲಿ ಯಾರ ತಪ್ಪು ಅಂತ ಕೇಳಿದಾಗ ನಾನು ಟೀಮಿನ ಹೊಸ ಹುಡುಗನ ಹೆಸರು ಹೇಳಿದೆ. ಸುಳ್ಳೇನಲ್ಲ, ಕೋಡ್ ಬರೆದದ್ದು ಅವನೇ. ಆದ್ರೆ ಅದನ್ನ ಓದದೇ ಅಪ್ರೂವ್ ಮಾಡಿದವನು ನಾನು. ಆ ಅರ್ಧ ಮಾತು ನನ್ನ ಬಾಯಿಂದ ಬರಲಿಲ್ಲ. ಅವನೂ ಹೇಳಲಿಲ್ಲ. ಹತ್ತು ನಿಮಿಷಕ್ಕೆ ಮೀಟಿಂಗ್ ಮುಗೀತು.

ಆಯಿ ಬಂದು ಪಕ್ಕದಲ್ಲಿ ಕೂತಳು. ಮಾತು ಬದಲಿಸೋಣ ಅಂತ ಕೇಳಿದೆ, "ಆಯಿ, ಬೀಸುವಾಗ ಏನ್ ಹಾಡ್ತಿದ್ರಿ ನೀವೆಲ್ಲಾ?"

"ಏನರೇ ಹಾಡ್ತಿದ್ವೋ ಯಪ್ಪಾ. ಅತ್ತಿ ಮ್ಯಾಲಿನ ಸಿಟ್ಟು, ತವರಮನಿ ನೆನಪು, ದೇವರ ಹೆಸರು, ಎಲ್ಲಾ ಒಂದರಾಗ ಒಂದು. ಹಾಡಲಿಲ್ಲಂದ್ರ ರಟ್ಟಿ ನೋಯ್ತಿದ್ವು. ಬಾಜೂ ಮನಿ ಸಾಬರ ಹೆಣ್ಮಗಳೂ ಹಾಡ್ತಿದ್ಲು. ಆಕಿ ಮಾತು ಬ್ಯಾರೆ, ಧಾಟಿ ಒಂದ."

ಮಾತು ಬ್ಯಾರೆ, ಧಾಟಿ ಒಂದ. ಈ ಮಾತು ಕೇಳಿ ನನಗೆ ಹಿಂದೆ ಓದಿದ್ದ ಒಂದು ಪುಸ್ತಕ ನೆನಪಾಯ್ತು. ರಿಚರ್ಡ್ ಈಟನ್ ಅನ್ನೋ ಇತಿಹಾಸಕಾರ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಪ್ರಕಟಿಸಿದ ಪುಸ್ತಕ. ನಮ್ಮ ಭಾಗವೆಲ್ಲ ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. 1490ರಿಂದ 1686ರವರೆಗೆ, ಅಂದ್ರೆ ಔರಂಗಜೇಬ ಬಂದು ಗೆಲ್ಲುವ ತನಕ. ಆ ಊರಿನ ಹೊರಗೆ ಶಹಾಪುರ ದಿಬ್ಬದ ಮೇಲೆ ಚಿಶ್ತಿ ಪರಂಪರೆಯ ಒಂದು ಮನೆತನ ನೆಲೆಸಿತ್ತು: ಶಾಹ್ ಮೀರಾಂಜಿ, ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಅಮೀನುದ್ದೀನ್ ತೀರಿಕೊಂಡದ್ದು 1675ರಲ್ಲಿ.

ಇವರ ಕಾಲದಲ್ಲಿ ದೊಡ್ಡ ವಿಚಾರಗಳನ್ನು ಬರೆಯೋಕೆ ಪಾರ್ಸಿ ಇತ್ತು. ದರಬಾರಿಗೆ ಮೆಚ್ಚುಗೆಯಾಗುವ ಭಾಷೆ ಅದೇ. ಇವರೋ ಸಂತೆಯಲ್ಲಿ, ಓಣಿಯಲ್ಲಿ ಆಡುವ ದಖನಿಯಲ್ಲಿ ಬರೆದರು. ಆಡುಮಾತಿನಲ್ಲಿ ಯಾಕೆ ಬರೀತಿದ್ದೀನಿ ಅಂತ ಜಾನಮ್ ಸಮರ್ಥನೆಯನ್ನೂ ಕೊಡಬೇಕಾಯ್ತು. ಹನ್ನೆರಡನೇ ಶತಮಾನದ ಶರಣರು ಸಂಸ್ಕೃತ ಬಿಟ್ಟು ಕನ್ನಡ ಹಿಡಿದದ್ದು ಗೊತ್ತಿರುವ ನಮಗೆ ಈ ಜಗಳ ಹೊಸದೇನಲ್ಲ.

ಸೂಫಿಗಳು ಬರೆದ, ಅಥವಾ ಅವರ ಹೆಸರಿನಲ್ಲಿ ಉಳಿದುಬಂದ ದಖನಿ ಹಾಡುಗಳಲ್ಲಿ ಎರಡು ಬಗೆಯವನ್ನು ಈಟನ್ ವಿಶೇಷವಾಗಿ ಗಮನಿಸ್ತಾರೆ. ಒಂದು ಚಕ್ಕಿನಾಮಾ, ಇನ್ನೊಂದು ಚರಖಾನಾಮಾ. ಬೀಸುವ ಕಲ್ಲಿನ ಹಾಡು, ನೂಲುವ ರಾಟಿಯ ಹಾಡು. ಜೊತೆಗೆ ಜೋಗುಳದ ಹಾಡು, ಮದುವೆಯ ಹಾಡುಗಳೂ ಇವೆ. ಬೀಸುವ ಹಾಡಿನಲ್ಲಿ ಕಲ್ಲಿನ ಗೂಟವೇ ಅಲಿಫ್ ಅಕ್ಷರ, ದೇವರ ಹೆಸರಿನ ಮೊದಲಕ್ಷರ. ಕೈ ತಿರುಗುತ್ತಾ ಇರುತ್ತೆ, ಉಸಿರಿನ ಜೊತೆ ನಾಮಸ್ಮರಣೆ ನಡೀತಾ ಇರುತ್ತೆ. ಓದು ಬರದ ಹೆಂಗಸರ ಬಾಯಲ್ಲಿ, ಅಡುಗೆಮನೆಯ ಪಕ್ಕದಲ್ಲಿ ಈ ವಿಚಾರಗಳು ತಲೆಮಾರುಗಳ ಕಾಲ ಮೆಲ್ಲಗೆ ಹರಡಿದವು. ಯಾರೋ ವೇದಿಕೆ ಹತ್ತಿ ಭಾಷಣ ಮಾಡಿ ಹರಡಿದ್ದಲ್ಲ ಅನ್ನೋದು ಈಟನ್ ವಾದ.

ನನಗೆ ಮುಖ್ಯ ಅನ್ನಿಸಿದ್ದು ಇಲ್ಲೇ. ಸೂಫಿ ಅಂದಕೂಡಲೇ ನಮ್ಮ ತಲೆಮಾರಿಗೆ ನೆನಪಾಗೋದು ಖವ್ವಾಲಿ, ಗಿರಗಿರ ತಿರುಗುವ ಬಿಳಿ ನಿಲುವಂಗಿ, ಇನ್‌ಸ್ಟಾಗ್ರಾಮಿನಲ್ಲಿ ರೂಮಿ ಹೆಸರಲ್ಲಿ ಓಡಾಡುವ ಸಾಲುಗಳು. ಪರಂಪರೆಯ ಒಳಗಿನವರು ಮಾತ್ರ ಬಹಳ ಸಲ ಹೇಳಿದ್ದು ಸಪ್ಪೆ ಅನ್ನಿಸುವ ಮಾತು: ಸೂಫಿಯಾಗೋದು ಅಂದ್ರೆ ಗುಣ ತಿದ್ದಿಕೊಳ್ಳೋದು. ಅರಬ್ಬಿಯಲ್ಲಿ ಅಖ್ಲಾಖ್. ಒಳ್ಳೆಯ ನಡತೆಯನ್ನು ಪೂರ್ಣಗೊಳಿಸಲೆಂದೇ ತಾವು ಬಂದದ್ದು ಎಂಬರ್ಥದ ಪ್ರವಾದಿಯವರ ಮಾತನ್ನು ಮುಸ್ಲಿಮರು ಇವತ್ತಿಗೂ ನೆನೆಯುತ್ತಾರೆ. ನಿನಗಿಂತ ನಡತೆಯಲ್ಲಿ ಮುಂದಿರುವವನು ಸೂಫಿತನದಲ್ಲೂ ನಿನಗಿಂತ ಮುಂದು ಅಂತ ಹಳಬರು ಲೆಕ್ಕ ಹಾಕ್ತಿದ್ದರು.

ಆ ಹಳಬರಲ್ಲಿ ಒಬ್ಬರು ಬಸ್ರಾದಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಬಾಳಿ 857ರಲ್ಲಿ ತೀರಿಕೊಂಡ ಅಲ್-ಮುಹಾಸಿಬಿ. ಹಿಸಾಬು ಅನ್ನೋ ನಮ್ಮ ಮಾತಿನ ಬೇರೇ ಅವರ ಹೆಸರಿನಲ್ಲೂ ಇದೆ. ತನ್ನ ಲೆಕ್ಕ ತಾನೇ ಕೇಳಿಕೊಳ್ಳುವವನು ಅಂತ ಅರ್ಥ. ಮುಹಾಸಿಬಿ ಅಗೆದಗೆದು ನೋಡಿದ ರೋಗಗಳಲ್ಲಿ ಒಂದು ರಿಯಾ, ಅಂದ್ರೆ ನಾಲ್ಕು ಜನ ನೋಡಲಿ ಅಂತ ಒಳ್ಳೇದು ಮಾಡೋದು. ಲಿಂಕ್ಡ್‌ಇನ್ ಹುಟ್ಟೋಕೆ ಸುಮಾರು ಸಾವಿರದ ನೂರೈವತ್ತು ವರ್ಷ ಮೊದಲೇ ಆ ಮನುಷ್ಯ ನಮ್ಮನ್ನು ನೋಡಿಬಿಟ್ಟಿದ್ದರು ಅನ್ನಿಸುತ್ತೆ. ನಾವು ವರ್ಷಕ್ಕೊಮ್ಮೆ ಅಪ್ರೈಸಲ್ ಫಾರ್ಮ್ ತುಂಬ್ತೀವಿ. ಅದರಲ್ಲಿ ನಮ್ಮ ತಪ್ಪಿಗೆ ಒಂದು ಕಾಲಂ ಇದ್ದರೂ ಅಲ್ಲಿ ಬರೆಯೋದು "ನಾನು ಅತಿಯಾಗಿ ಕೆಲಸ ಮಾಡ್ತೀನಿ" ಅಂತ. ಮುಹಾಸಿಬಿಯ ಫಾರ್ಮಿಗೆ ಮ್ಯಾನೇಜರ್ ಇಲ್ಲ, ಆದ್ದರಿಂದ ಅಲ್ಲಿ ಸುಳ್ಳು ಬರೆದು ಲಾಭವಿಲ್ಲ.

ಇದು ಬಾಗ್ದಾದಿನಲ್ಲೇ ಉಳಿದ ಮಾತಲ್ಲ. 1168ರಲ್ಲಿ ತೀರಿಕೊಂಡ ಅಬೂ ನಜೀಬ್ ಸುಹ್ರವರ್ದಿ ಶಿಷ್ಯರ ನಡವಳಿಕೆಯ ಬಗ್ಗೆಯೇ ಒಂದು ಪುಸ್ತಕ ಬರೆದರು, ಆದಾಬ್ ಅಲ್-ಮುರೀದೀನ್ ಅಂತ. ಊಟಕ್ಕೆ ಕೂರೋದು ಹೇಗೆ, ಪ್ರಯಾಣದಲ್ಲಿ ಇರೋದು ಹೇಗೆ, ಜೊತೆಗಾರರ ಜೊತೆ ನಡೆದುಕೊಳ್ಳೋದು ಹೇಗೆ, ಎಲ್ಲ ಇದೆ. ಕೊನೆಯಲ್ಲಿ ಸಾಮಾನ್ಯರಿಗೆ ರಿಯಾಯಿತಿಗಳೂ ಇವೆ: ಆಸ್ತಿ ಇಟ್ಟುಕೊಳ್ಳಬಹುದು, ತಮಾಷೆ ಮಾಡಬಹುದು, ಆದ್ರೆ ಹೀಗಿರಲಿ ಅಂತ. ಸಂಸಾರಸ್ಥರನ್ನೂ ಬಾಗಿಲ ಹೊರಗೆ ನಿಲ್ಲಿಸದ ಪುಸ್ತಕ. ಅದನ್ನು ಪಾರ್ಸಿಗೆ ತಂದು ವಿವರಿಸಿದವರಲ್ಲಿ ನಮ್ಮ ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜ್ ಒಬ್ಬರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ದಿಲ್ಲಿ ಬಿಟ್ಟು ಹೊರಟು ದಖ್ಖನಿಗೆ ಬಂದವರು. 1422ರಲ್ಲಿ ಇಲ್ಲೇ ಮಣ್ಣಾದರು.

ಇಲ್ಲಿಗೆ ನಿಲ್ಲಿಸಿದರೆ ಇದು ಸೌಹಾರ್ದದ ಪೋಸ್ಟರ್ ಆಗಿಬಿಡುತ್ತೆ. ಇತಿಹಾಸ ಅಷ್ಟು ನಯ ಇಲ್ಲ. ಗೇಸುದರಾಜರನ್ನು ಆದರದಿಂದ ಬರಮಾಡಿಕೊಂಡ ಬಹಮನಿ ಸುಲ್ತಾನ ಫಿರೋಜಶಹನ ಜೊತೆಗೇ ಅವರ ಸಂಬಂಧ ಕೆಟ್ಟಿತು. ಕೋಟೆಯ ಹತ್ತಿರದಿಂದ ಖಾನಖಾ ಎತ್ತಿ ದೂರ ಹೋಗಬೇಕಾಯ್ತು. ಬಿಜಾಪುರದಲ್ಲೂ ಅಷ್ಟೇ. ಎಲ್ಲ ಸೂಫಿಗಳೂ ಒಂದೇ ಥರ ಇರಲಿಲ್ಲ ಅಂತ ಈಟನ್ ತೋರಿಸ್ತಾರೆ. ಕತ್ತಿ ಹಿಡಿದವರ ಕಥೆಗಳಿವೆ, ಸುಲ್ತಾನರನ್ನು ತಿದ್ದೋಕೆ ಹೊರಟ ಕಟ್ಟುನಿಟ್ಟಿನವರಿದ್ದಾರೆ, ಎಲ್ಲ ನೇಮ ಬಿಟ್ಟು ಅಲೆದ ಫಕೀರರಿದ್ದಾರೆ. ಹದಿನೇಳನೇ ಶತಮಾನದ ಹೊತ್ತಿಗೆ ಇನಾಮು ಜಮೀನು ಪಡೆದ ಮನೆತನಗಳೂ ಬಹಳ ಇದ್ದವು. ಅಜ್ಜ ಸಂತ, ಮೊಮ್ಮಗ ಜಮೀನುದಾರ. ಇನಾಮು ಕೊಟ್ಟ ದರಬಾರಿನ ವಿರುದ್ಧ ಮಾತಾಡೋದು ಅವನಿಗೆ ಕಷ್ಟ. ಬೆಳಗಾವಿ ಕಡೆಯವರಿಗೆ ಇನಾಮು ಭೂಮಿ ಅಂದ್ರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಠಗಳ, ಗುಡಿಗಳ ಕಥೆಯೂ ಬೇರೆ ಏನಲ್ಲ. ಗದ್ದಿಗೆ ವಾರಸುದಾರರಿಗೆ ಬರುತ್ತೆ, ಗುಣ ಬರೋದಿಲ್ಲ. ಅದನ್ನ ಪ್ರತಿಯೊಬ್ಬರೂ ಮೊದಲಿಂದ ಬೀಸಿಕೊಳ್ಳಬೇಕು.

ಹಾಗಾದ್ರೆ ಗುಣ ಹೇಗೆ ದಾಟುತ್ತೆ? ಅದಕ್ಕೆ ನನಗೆ ಕಾಣೋ ಉತ್ತರ ನಮ್ಮೂರಿಗೆ ಹತ್ತಿರದ ಮಿರಜಿನಲ್ಲಿದೆ. ಆಯಿ ಮದುವೆಯಾದ ಹೊಸದರಲ್ಲಿ ಅಲ್ಲಿನ ಖ್ವಾಜಾ ಮೀರಾಸಾಹೇಬರ ಉರುಸಿಗೆ ಹೋಗಿದ್ದಳಂತೆ. ಆ ಉರುಸಿನಲ್ಲಿ ಮೊದಲ ಮಾನದ ಗಲೀಫ ಚಮ್ಮಾರ ಸಮಾಜದವರದ್ದು. ಸಂತನ ಗೋರಿಗೆ ಹೊದಿಸುವ ಬಟ್ಟೆಯನ್ನು ಮೊದಲು ಒಪ್ಪಿಸುವ ಕೈ, ಊರು ದೂರ ಇಟ್ಟವರ ಕೈ.

ಅದೇ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ ಪ್ರತಿ ವರ್ಷ ಉರುಸಿಗೆ ಹಾಡುತ್ತಿದ್ದರು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆಸಿದವರು. 1937ರ ಅಕ್ಟೋಬರ್ 27ರಂದು, ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಎದೆನೋವು ಕಾಣಿಸಿ ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲೇ ಪ್ರಾರ್ಥನೆ ಹಾಡಿ ಕಣ್ಣುಮುಚ್ಚಿದರು ಅಂತ ಹೇಳ್ತಾರೆ. ಅವರನ್ನು ಮಣ್ಣು ಮಾಡಿದ್ದು ಮಿರಜಿನ ಆ ದರ್ಗಾದಲ್ಲೇ.

ಅವರ ಬಳಿ ವರ್ಷಗಟ್ಟಲೆ ಕಲಿತವರು ಕುಂದಗೋಳದ ರಾಮಭಾವು, ಅಂದ್ರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಹತ್ತಿರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತರು. ಇವರ್ಯಾರೂ ಸೂಫಿಗಳಲ್ಲ, ಯಾರೂ ಧರ್ಮ ಬದಲಿಸಲಿಲ್ಲ. ಆದರೆ ಗುರುವಿನ ಮುಂದೆ ತಗ್ಗಿ ಕೂರೋದು, ಒಂದೇ ಸ್ವರವನ್ನು ಸಾವಿರ ಸಲ ತಿದ್ದೋದು, ಹಾಡುವ ಮೊದಲು ಗುರುವಿನ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳೋದು, ಈ ನಡತೆಯನ್ನೇ ಖಾನಖಾಗಳಲ್ಲಿ ಅದಬು ಅಂತಿದ್ದರು. ಅದು ಉಪದೇಶದಿಂದ ದಾಟಿದ್ದಲ್ಲ. ಒಬ್ಬರ ಪಕ್ಕ ಇನ್ನೊಬ್ಬರು ಬಹಳ ಕಾಲ ಕೂತು ದಾಟಿದ್ದು. ಬಾಜೂ ಮನೆಯ ಹೆಣ್ಣುಮಗಳ ಧಾಟಿ ನಮ್ಮ ಆಯಿಯ ಕಿವಿಗೆ ದಾಟಿದ ಹಾಗೆ.

ಹಾಗೆ ಯೋಚಿಸಿದರೆ ನನ್ನ ಪಕ್ಕ ದಿನಕ್ಕೆ ಎಂಟು ತಾಸು ಕೂರುವ ಆ ಹೊಸ ಹುಡುಗ ನನ್ನಿಂದ ಏನು ಕಲಿತಾ ಇದ್ದಾನೆ? ಕೋಡ್ ಬರೆಯೋದನ್ನ ಯೂಟ್ಯೂಬೂ ಕಲಿಸುತ್ತೆ. ಮೀಟಿಂಗಿನಲ್ಲಿ ಅರ್ಧ ಸತ್ಯ ಹೇಳಿ ಪಾರಾಗೋದು ಹೇಗೆ ಅಂತ ನಾನು ಕಲಿಸಿದ್ದೆ.

ಹಿತ್ತಲಲ್ಲಿ ಕೂತು ಬರೆದು ಅಳಿಸುತ್ತಿದ್ದ ಮೆಸೇಜು ಅವನಿಗೇ. "ಸಾರಿ" ಅಂತ ಖಾಸಗಿಯಾಗಿ ಕಳಿಸಿ ಮುಗಿಸೋಣ ಅಂದುಕೊಂಡಿದ್ದೆ. ಹೆಸರು ಹೇಳಿದ್ದು ಎಂಟು ಜನರ ಮುಂದೆ, ಕ್ಷಮೆ ಮಾತ್ರ ಒಬ್ಬನ ಕಿವಿಯಲ್ಲಿ ಅಂದ್ರೆ ಲೆಕ್ಕ ಕೂಡೋದಿಲ್ಲ. ಸೋಮವಾರ ಅದೇ ಎಂಟು ಜನರಿಗೆ ಮೇಲ್ ಬರೆದೆ: ಅಪ್ರೂವ್ ಮಾಡಿದ್ದು ನಾನು, ಓದಿರಲಿಲ್ಲ. ನಾಲ್ಕು ಸಾಲು. ಹುಡುಗ "ಪರವಾಗಿಲ್ಲ ಸರ್" ಅಂದ. ಮ್ಯಾನೇಜರ್ ಏನೂ ಅನ್ನಲಿಲ್ಲ. ನಾನು ಮಾತ್ರ ಇಡೀ ದಿನ ಯಾರಾದ್ರೂ "ಎಂಥಾ ಒಳ್ಳೆ ಮನುಷ್ಯ" ಅಂತ ರಿಪ್ಲೈ ಮಾಡ್ತಾರಾ ಅಂತ ಇನ್‌ಬಾಕ್ಸ್ ನೋಡ್ತಾ ಇದ್ದೆ. ಮುಹಾಸಿಬಿ ಹೇಳಿದ ರೋಗ ಇದೇ. ಇದನ್ನೆಲ್ಲ ಇಲ್ಲಿ ಬರೀತಿರೋದೂ ಅದರದೇ ಲಕ್ಷಣ ಇರಬಹುದು. ನೀವು ಓದಿ ಮೆಚ್ಚದಿದ್ದರೆ ನನಗೇ ಒಳ್ಳೇದು.

ಈ ವರ್ಷ ಉರುಸಿಗೆ ಆಯಿಯನ್ನು ಮಿರಜಿಗೆ ಕರಕೊಂಡು ಹೋಗಬೇಕು ಅಂತಿದ್ದೇನೆ. ಫೋನಿನಲ್ಲಿ ಹೇಳಿದೆ. ಮೊಣಕಾಲು ನೋವಿನವಳು, ಒಂದೇ ಒಂದು ಪ್ರಶ್ನೆ ಕೇಳಿದಳು:

"ಗಾಡಿ ಬಾಗಲಾ ತನಕ ಹೋಗ್ತದೇನೋ ತಮ್ಮಾ?"